ಮುಂದಿನ ರಾಷ್ಟ್ರಪತಿ ಯಾರೆಂದು ಕೇಳಿದರೆ

ಮಗಳೇ,

‘ಮುಂದಿನ ರಾಷ್ಟ್ರಪತಿ ಯಾರು?’ ಅನ್ನುವ ಅರ್ಧ ಗಂಟೆಯ ಕಾರ್ಯಕ್ರಮವನ್ನು ನಿಮ್ಮ ಚಾನೆಲ್‌ನವರು ನಿನ್ನ ಕೊರಳಿಗೆ ಕಟ್ಟಿದ್ದಾರೆಂದು ನಿಮ್ಮಪ್ಪ ಹೇಳಿದ. ಹತ್ತು ಹೆಸರು, ಹತ್ತು ಫೋಟೊ, ನಾಲ್ಕು ಜನರ ಪ್ಯಾನೆಲ್, ಕೊನೆಗೊಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಆಮೇಲೆ ನೀನೇ ಫೋನ್ ಮಾಡಿ, ‘ದೊಡ್ಡಪ್ಪ, ಯಾರ್ಯಾರ ಹೆಸರು ಹಾಕಲಿ?’ ಅಂದೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತೇ ತಲೆ ನರೆಸಿಕೊಂಡವನು ಎಂಬ ನಂಬಿಕೆಯಿಂದ ಕೇಳಿದ್ದೀಯ. ಹೆಸರು ಒಂದೂ ಕೊಡುವುದಿಲ್ಲ ಕಣಮ್ಮ. ಹುಡುಕುವುದು ಎಲ್ಲಿಂದ ಶುರುವಾಗಬೇಕು ಅನ್ನುವುದನ್ನು ಬೇಕಾದರೆ ಹೇಳುತ್ತೇನೆ.

ಕೂಸು ಹುಟ್ಟುವ ಮುನ್ನ ಕುಲಾವಿ ಯಾಕೆ ಅಂತ ಬಾಯಿ ಮುಚ್ಚಿಸುವ ಹಿರಿಯರ ಸಾಲಿಗೆ ನನ್ನನ್ನು ಸೇರಿಸಬೇಡ. ಊಹೆ ಮಾಡುವುದು ತಪ್ಪಲ್ಲ. ರಾಜಕೀಯ ವರದಿಯಲ್ಲಿ ಅರ್ಧ ಪಾಲು ಊಹೆಯೇ. ನನ್ನ ತಕರಾರೆಲ್ಲ ಅದನ್ನು ಎಲ್ಲಿಂದ ಶುರು ಮಾಡುತ್ತೀರಿ ಎಂಬುದರ ಬಗ್ಗೆ. ನೀವೆಲ್ಲ ಅಭ್ಯರ್ಥಿಯ ಕಡೆಯಿಂದ ಹೊರಡುತ್ತೀರಿ: ಯಾರು ಹಿರಿಯರು, ಯಾರಿಗೆ ಯೋಗ್ಯತೆಯಿದೆ, ಯಾರಿಗೆ ಪಕ್ಷ ಇನ್ನೂ ಏನೂ ಕೊಟ್ಟಿಲ್ಲ. ರಾಷ್ಟ್ರಪತಿ ಹುದ್ದೆಗೆ ಹೆಸರು ಬರುವ ದಾರಿಯೇ ಬೇರೆ. ಆರಿಸುವವರಿಗೆ ಆ ಹೊತ್ತಿಗೆ ಏನು ಬೇಕಾಗಿದೆ, ಯಾರನ್ನು ನಿಲ್ಲಿಸಿದರೆ ಎದುರು ಪಾಳಯದಿಂದ ಯಾರು ಎದ್ದು ಈ ಕಡೆಗೆ ಬರುತ್ತಾರೆ, ಎಲ್ಲವೂ ಶುರುವಾಗುವುದು ಅಲ್ಲಿಂದ. ಹುಡುಗನ ಜಾತಕ ತೆಗೆಯುವುದಕ್ಕೆ ಮೊದಲೇ ಬೀಗರ ಅನುಕೂಲ ನೋಡುವ ಮದುವೆ ಇದು.

2017ರ ಮೇ ತಿಂಗಳ ಕೊನೆಯಲ್ಲಿ ಬಿಹಾರದ ರಾಜ್ಯಪಾಲರಾಗಿದ್ದ ರಾಮನಾಥ ಕೋವಿಂದ್ ಮನೆಯವರೊಂದಿಗೆ ಶಿಮ್ಲಾಕ್ಕೆ ಹೋಗಿದ್ದರು. ಹತ್ತಿರದ ಮಶೋಬ್ರಾದಲ್ಲಿ ರಾಷ್ಟ್ರಪತಿಗಳ ಬೇಸಿಗೆ ನಿವಾಸವಿದೆಯಲ್ಲ, ನೋಡಿಕೊಂಡು ಬರೋಣವೆಂದು ಹೋದರೆ ಮೊದಲೇ ಅನುಮತಿ ಪಡೆದಿಲ್ಲವೆಂದು ಒಳಗೆ ಬಿಡಲಿಲ್ಲ. ಅವರೂ ವಾದಕ್ಕೆ ನಿಲ್ಲದೆ ವಾಪಸಾದರು. ಜೂನ್ 19ಕ್ಕೆ ಅವರು ಎನ್‌ಡಿಎ ಅಭ್ಯರ್ಥಿ, ಜುಲೈ 25ಕ್ಕೆ ಆ ಮನೆಗೇ ಯಜಮಾನರು! ಅವರನ್ನು ಬಾಗಿಲಿಂದ ತಿರುಗಿ ಕಳಿಸಿದ ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಓಡಾಡುತ್ತಿದ್ದ ಹೆಸರುಗಳು ಯಾವುವು ಗೊತ್ತೇ? ಆಡ್ವಾಣಿ, ಸುಷ್ಮಾ ಸ್ವರಾಜ್, ಸುಮಿತ್ರಾ ಮಹಾಜನ್, ಜಾರ್ಖಂಡ್ ರಾಜ್ಯಪಾಲರಾಗಿದ್ದ ದ್ರೌಪದಿ ಮುರ್ಮು.

ಐದು ವರ್ಷ ಕಳೆದು 2022ರ ಜೂನ್ 21. ಅಮಿತ್ ಶಾ, ರಾಜನಾಥ ಸಿಂಗ್, ಜೆ.ಪಿ. ನಡ್ಡಾ ಮೂವರೂ ಸೇರಿ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರನ್ನು ಕಂಡು ಬಂದರು. ವೆಂಕಯ್ಯ ನಮ್ಮ ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದವರು, ಇಲ್ಲಿನ ಪತ್ರಕರ್ತರಿಗೆಲ್ಲ ಗುರುತಿದ್ದವರು. ಇನ್ನೇನು, ಅವರೇ ಎಂದು ಊಹೆ ಓಡಿತು. ಅದೇ ರಾತ್ರಿ ಪಕ್ಷ ಪ್ರಕಟಿಸಿದ್ದು ಮುರ್ಮು ಹೆಸರನ್ನು. ಮರುದಿನ ಬೆಳಿಗ್ಗೆ ಒಡಿಶಾದ ರಾಯ್‌ರಂಗ್‌ಪುರದ ಶಿವಾಲಯದಲ್ಲಿ ಅವರು ಪೊರಕೆ ಹಿಡಿದು ಗುಡಿಸುತ್ತಿದ್ದ ವಿಡಿಯೊವನ್ನು ನೀನೂ ನೋಡಿರುತ್ತೀಯ. 2017ರಲ್ಲಿ ಸುಳ್ಳಾದ ಹೆಸರು 2022ರಲ್ಲಿ ನಿಜವಾಯಿತು. ಆ ಐದು ವರ್ಷದಲ್ಲಿ ಅವರ ಯೋಗ್ಯತೆ ಹೆಚ್ಚಿತೆಂದಲ್ಲ. ಆರಿಸುವವರ ಲೆಕ್ಕಕ್ಕೆ ಆಗ ಅವರು ಸರಿಹೊಂದಿದರು, ಅಷ್ಟೇ.

ಆ ಲೆಕ್ಕ ಏನು ಅಂತ ಬಿಡಿಸಿ ನೋಡು. 2022ರಲ್ಲಿ ಎನ್‌ಡಿಎಗೆ ಸ್ವಂತ ಬಲದಲ್ಲಿ ಅರ್ಧದ ಗೆರೆ ದಾಟಲು ಚೂರು ಕಡಿಮೆಯಿತ್ತು. ಒಡಿಶಾದ ಸಂತಾಲ ಹೆಣ್ಣುಮಗಳನ್ನು ನಿಲ್ಲಿಸಿದ್ದೇ ತಡ, ಯಾವ ಕೂಟಕ್ಕೂ ಸೇರದೆ ಕೂತಿದ್ದ ನವೀನ್ ಪಟ್ನಾಯಕರ ಬಿಜೆಡಿ ಈ ಕಡೆಗೆ ಬಂತು. ಜಾರ್ಖಂಡಿನಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ ನಡೆಸುತ್ತಿದ್ದ ಜೆಎಂಎಂ ಕೂಡ ಬಂತು. ಎದುರಾಳಿ ಯಶವಂತ ಸಿನ್ಹಾ ಅದೇ ಜಾರ್ಖಂಡಿನ ಹಜಾರಿಬಾಗಿನಿಂದ ಗೆದ್ದಿದ್ದವರೆಂಬುದನ್ನೂ ಲೆಕ್ಕಿಸಲಿಲ್ಲ. ಆಗಷ್ಟೇ ಅಧಿಕಾರ ಕಳೆದುಕೊಂಡು ಬಿಜೆಪಿ ಮೇಲೆ ಕೆಂಡ ಕಾರುತ್ತಿದ್ದ ಉದ್ಧವ್ ಠಾಕ್ರೆ ಕೂಡ ಬೆಂಬಲ ಘೋಷಿಸಬೇಕಾಯಿತು. ನಮ್ಮ ದೇವೇಗೌಡರ ಜೆಡಿಎಸ್ಸೂ ಆ ಕಡೆಯೇ. ಕೊನೆಗೆ ಮುರ್ಮು ಅವರಿಗೆ 6,76,803, ಸಿನ್ಹಾ ಅವರಿಗೆ 3,80,177.

ಕೋವಿಂದ್ ವಿಷಯದಲ್ಲೂ ಇದೇ. ಆಗ ಲಾಲು ಜೊತೆ, ಕಾಂಗ್ರೆಸ್ ಜೊತೆ ಇದ್ದ ನಿತೀಶ್ ಕುಮಾರ್ ತಮ್ಮ ರಾಜ್ಯದ ರಾಜ್ಯಪಾಲರೆಂದು ಕೋವಿಂದರಿಗೆ ಮತ ಹಾಕಿಸಿದರು. ಕಾಂಗ್ರೆಸ್ ನಿಲ್ಲಿಸಿದ್ದ ಮೀರಾ ಕುಮಾರ್ ಬಿಹಾರದ ಮಗಳೇ ಆಗಿದ್ದರೂ ಅದು ನಡೆಯಲಿಲ್ಲ. ಕೋವಿಂದ್ ಪ್ರಮಾಣವಚನ ಸ್ವೀಕರಿಸಿದ ಮರುದಿನವೇ, ಜುಲೈ 26ಕ್ಕೆ, ನಿತೀಶ್ ರಾಜೀನಾಮೆ ಕೊಟ್ಟು ಬಿಜೆಪಿ ಕಡೆಗೆ ಹೊರಟರು. ರಾಷ್ಟ್ರಪತಿ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆಂಬುದು ಸಾಮಾನ್ಯವಾಗಿ ಮೊದಲೇ ಗೊತ್ತಿರುತ್ತದೆ. ಸುದ್ದಿ ಇರುವುದು ಯಾರು ಯಾರ ಕೈಬಿಟ್ಟು ಮತ ಹಾಕಿದರು ಎಂಬಲ್ಲಿ. ಶಿವಸೇನೆ ಎನ್‌ಡಿಎಯಲ್ಲಿದ್ದುಕೊಂಡೇ 2007ರಲ್ಲಿ ಮರಾಠಿ ಹೆಣ್ಣುಮಗಳೆಂದು ಪ್ರತಿಭಾ ಪಾಟೀಲರಿಗೆ ಮತ ಕೊಟ್ಟಿತು. 2012ರಲ್ಲಿ ಮತ್ತೆ ಅದೇ ಶಿವಸೇನೆ, ಜೊತೆಗೆ ಜೆಡಿಯು, ಪ್ರಣವ್ ಮುಖರ್ಜಿಯವರಿಗೆ.

ಈ ಪಟ್ಟು ಪ್ರತಿಸಲವೂ ಫಲಿಸುತ್ತದೆಂದು ಮಾತ್ರ ತಿಳಿಯಬೇಡ. 2025ರಲ್ಲಿ ಜಗದೀಪ್ ಧನಕರ್ ದಿಢೀರನೆ ರಾಜೀನಾಮೆ ಕೊಟ್ಟ ಮೇಲೆ ಉಪರಾಷ್ಟ್ರಪತಿ ಚುನಾವಣೆ ಬಂತಲ್ಲ, ಬಿಜೆಪಿ ತಮಿಳುನಾಡಿನ ಸಿ.ಪಿ. ರಾಧಾಕೃಷ್ಣನ್ ಅವರನ್ನು ನಿಲ್ಲಿಸಿ ಡಿಎಂಕೆಯನ್ನು ಇಕ್ಕಟ್ಟಿಗೆ ಸಿಕ್ಕಿಸಲು ನೋಡಿತು. ವಿರೋಧ ಪಕ್ಷಗಳು ತೆಲುಗು ನೆಲದ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನಿಲ್ಲಿಸಿ ಚಂದ್ರಬಾಬು ನಾಯ್ಡು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಲು ನೋಡಿದವು. ಡಿಎಂಕೆಯೂ ಕದಲಲಿಲ್ಲ, ತೆಲುಗುದೇಶವೂ ಕದಲಲಿಲ್ಲ. ಆದರೂ ಆ ಎರಡು ಹೆಸರು ಯಾಕೆ ಬಂದವು ಎಂಬುದು ಅರ್ಥವಾಗಿದ್ದರೆ, ನಿನ್ನ ಕಾರ್ಯಕ್ರಮದ ಅರ್ಧ ಭಾಗ ಸಿದ್ಧವಾಯಿತು ಅನ್ನು.

ಇನ್ನು ಗಣಿತ. ಇದನ್ನು ನಿಮ್ಮ ಚಾನೆಲ್‌ನವರು ಬೋರು ಅಂತಾರೆ, ನೀನು ಬಿಡಬೇಡ. ಮತ ಹಾಕುವವರು ಲೋಕಸಭೆಯ 543, ರಾಜ್ಯಸಭೆಯ 233 ಚುನಾಯಿತ ಸದಸ್ಯರು ಮತ್ತು ವಿಧಾನಸಭೆಗಳ ಚುನಾಯಿತ ಶಾಸಕರು. ವಿಧಾನ ಪರಿಷತ್ತಿನವರಿಗೆ ಮತವಿಲ್ಲ. ರಾಜ್ಯಸಭೆಗೆ ನಾಮಕರಣಗೊಂಡವರಿಗೂ ಇಲ್ಲ. ಅಂದರೆ ನಮ್ಮ ವೀರೇಂದ್ರ ಹೆಗ್ಗಡೆಯವರು, ಸುಧಾ ಮೂರ್ತಿಯವರು ಉಪರಾಷ್ಟ್ರಪತಿ ಚುನಾವಣೆಯಲ್ಲಿ ಮತ ಹಾಕಬಹುದು, ರಾಷ್ಟ್ರಪತಿ ಚುನಾವಣೆಯಲ್ಲಿ ಹಾಕುವಂತಿಲ್ಲ. ಪ್ಯಾನೆಲಿನಲ್ಲಿ ಕೂರುವ ಪಂಡಿತರಲ್ಲಿ ಕೆಲವರಿಗೆ ಇದೇ ಗೊತ್ತಿರುವುದಿಲ್ಲ.

ಒಬ್ಬ ಶಾಸಕರ ಮತದ ಮೌಲ್ಯ ರಾಜ್ಯದಿಂದ ರಾಜ್ಯಕ್ಕೆ ಬೇರೆ. 1971ರ ಜನಗಣತಿಯ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ಕರ್ನಾಟಕದ ಶಾಸಕರ ಮತಕ್ಕೆ 131, ಉತ್ತರ ಪ್ರದೇಶದವರಿಗೆ 208, ತಮಿಳುನಾಡಿನವರಿಗೆ 176, ಸಿಕ್ಕಿಮಿನವರಿಗೆ 7. ಸಿಕ್ಕಿಮಿನ 32 ಶಾಸಕರೂ ಒಟ್ಟಾಗಿ ಬಂದರೆ 224 ಆಗುತ್ತದೆ, ಉತ್ತರ ಪ್ರದೇಶದ ಒಬ್ಬ ಶಾಸಕರಿಗಿಂತ ಒಂಚೂರು ಮೇಲೆ! ನಮ್ಮ 224 ಶಾಸಕರದ್ದು 29,344. ಸಂಸದರ ಮತಮೌಲ್ಯ 2022ರಲ್ಲಿ 700 ಇತ್ತು; ಜಮ್ಮು-ಕಾಶ್ಮೀರಕ್ಕೆ ಆಗ ವಿಧಾನಸಭೆ ಇರಲಿಲ್ಲವಾದ್ದರಿಂದ 708ರಿಂದ ಇಳಿದದ್ದು. ಆ ಲೆಕ್ಕದಲ್ಲಿ ಕರ್ನಾಟಕದ 28 ಲೋಕಸಭಾ, 12 ರಾಜ್ಯಸಭಾ ಸದಸ್ಯರದ್ದು 28,000. ವಿಧಾನಸೌಧವೂ ದಿಲ್ಲಿಯೂ ಹೆಚ್ಚುಕಡಿಮೆ ಸಮಸಮ.

ಈಗ ಕ್ಯಾಲೆಂಡರ್ ತೆಗೆ. ಮುರ್ಮು ಅವರ ಅವಧಿ ಮುಗಿಯುವುದು 2027ರ ಜುಲೈ 24ಕ್ಕೆ. ಉತ್ತರ ಪ್ರದೇಶ ವಿಧಾನಸಭೆಯ ಅವಧಿ ತೀರುವುದು ಅದೇ ವರ್ಷದ ಮೇ ತಿಂಗಳಲ್ಲಿ. ಪಂಜಾಬ್, ಉತ್ತರಾಖಂಡ, ಗೋವಾ, ಮಣಿಪುರಗಳೂ ಅದೇ ಸರದಿಯವು. ಉತ್ತರ ಪ್ರದೇಶವೊಂದರದ್ದೇ 403 ಶಾಸಕರು ಗುಣಿಸು 208, ಅಂದರೆ 83,824. ಅಷ್ಟು ದೊಡ್ಡ ಗಂಟು ಯಾರ ಕೈಯಲ್ಲಿದೆ ಎಂದು ತಿಳಿಯುವ ಮುಂಚೆ ಆರಿಸುವವರೇ ತೀರ್ಮಾನಿಸಿರುವುದಿಲ್ಲ. ಗಂಟು ಭದ್ರವಾಗಿದ್ದರೆ ತಮಗೆ ಬೇಕಾದವರನ್ನು ನಿಲ್ಲಿಸುತ್ತಾರೆ, ಸಡಿಲವಾದರೆ ಬೇರೆಯವರಿಗೂ ಬೇಕಾದವರನ್ನು ಹುಡುಕುತ್ತಾರೆ. ಅದಕ್ಕೇ ಹೇಳುವುದು, ಅದಕ್ಕೆ ಮುಂಚಿನ ಪಟ್ಟಿಗಳೆಲ್ಲ ಹೊತ್ತು ಕಳೆಯುವುದಕ್ಕೆ ಸರಿ.

ಒಂದು ಕಥೆಯನ್ನು ಮಾತ್ರ ನಿನ್ನ ಕಾರ್ಯಕ್ರಮದಲ್ಲಿ ಹೇಳಲೇಬೇಕು. ಅದು ನಮ್ಮ ಬೆಂಗಳೂರಿನದೇ. ನಿಮ್ಮ ಕ್ಯಾಮೆರಾದವರನ್ನು ಲಾಲ್‌ಬಾಗಿಗೆ ಕಳಿಸಿ ಗಾಜಿನ ಮನೆಯ ಮುಂದೆ ನಿಲ್ಲಿಸು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾದರು, ಅವರು ಅದಕ್ಕೆ ಕೆಲ ವರ್ಷಗಳ ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಜುಲೈನಲ್ಲಿ ಎಐಸಿಸಿ ಅಧಿವೇಶನ ಸೇರಿದ್ದು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಕಾಂಗ್ರೆಸ್ ಅಧ್ಯಕ್ಷರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಕಾಮರಾಜ್, ಮೊರಾರ್ಜಿ, ಎಸ್.ಕೆ. ಪಾಟೀಲ್ ಮೊದಲಾದ ಹಿರಿಯರೆಲ್ಲ ಒಂದು ಕಡೆ. ಪ್ರಧಾನಿ ಇಂದಿರಾ ಇನ್ನೊಂದು ಕಡೆ. ಬೆಂಗಳೂರಿನಲ್ಲೇ ಸೇರಿದ ಸಂಸದೀಯ ಮಂಡಳಿಯಲ್ಲಿ ಇಂದಿರಾ ಜಗಜೀವನ್ ರಾಮ್ ಹೆಸರು ಮುಂದಿಟ್ಟರು. ಬಹುಮತ ಲೋಕಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿಯವರ ಕಡೆಗೆ ಹೋಯಿತು. ಅಲ್ಲಿಗೆ ಮುಂದಿನ ರಾಷ್ಟ್ರಪತಿ ಯಾರೆಂಬ ಪ್ರಶ್ನೆಗೆ ಉತ್ತರ ಸಿಕ್ಕಿಯೇ ಹೋಯಿತೆಂದು ಅಂದಿನ ಯಾವ ವರದಿಗಾರನಾದರೂ ಬರೆಯುತ್ತಿದ್ದ. ಆಳುವ ಪಕ್ಷ ಅಧಿಕೃತ ಅಭ್ಯರ್ಥಿಯನ್ನು ಹೆಸರಿಸಿದ ಮೇಲೆ ಇನ್ನೇನಿದೆ?

ಎಲ್ಲ ಇದ್ದದ್ದು ಆಮೇಲೆ. ದಿಲ್ಲಿಗೆ ಮರಳಿದ ಇಂದಿರಾ ಮೊದಲು ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು, ಜುಲೈ 19ಕ್ಕೆ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಮರುದಿನ ಗಿರಿ ಹುದ್ದೆಗೆ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಬೆಂಬಲದಿಂದ ಸಿ.ಡಿ. ದೇಶಮುಖ್ ನಿಂತರು. ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತವಾದರೂ ಸಿಗಲೆಂದು ನಿಜಲಿಂಗಪ್ಪನವರು ಆ ಎರಡು ಪಕ್ಷಗಳ ನಾಯಕರೊಂದಿಗೆ ಮಾತಾಡಿದ್ದು ಹೊರಗೆ ಬಿತ್ತು. ಇಂದಿರಾ ಬಣ ಅದನ್ನೇ ಹಿಡಿದು ಜಗ್ಗಿತು. ವಿಪ್ ಕೊಡಲು ಒಪ್ಪದೆ, ‘ಆತ್ಮಸಾಕ್ಷಿಯಂತೆ ಮತ ಹಾಕಿ’ ಎಂದು ಇಂದಿರಾ ಸಂಸದರನ್ನೂ ಶಾಸಕರನ್ನೂ ಬಿಟ್ಟುಬಿಟ್ಟರು.

ಆಗಸ್ಟ್ 16ರ ಮತದಾನದಲ್ಲಿ ಮೊದಲ ಪ್ರಾಶಸ್ತ್ಯದ ಎಣಿಕೆ ಮುಗಿದಾಗ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲ್ಲಲು ಬೇಕಾದದ್ದು 4,18,169. ಯಾರಿಗೂ ಸಾಲಲಿಲ್ಲ. ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆಯುತ್ತ, ಅವರ ಮತಪತ್ರಗಳ ಎರಡನೇ ಪ್ರಾಶಸ್ತ್ಯ ಹಂಚುತ್ತ ಹೋದರು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಎರಡನೇ ಪ್ರಾಶಸ್ತ್ಯದಿಂದ ತೀರ್ಮಾನವಾದ ರಾಷ್ಟ್ರಪತಿ ಚುನಾವಣೆ ಇದೊಂದೇ. ನವೆಂಬರಿಗೆ ನಿಜಲಿಂಗಪ್ಪನವರು ಇಂದಿರಾರನ್ನೇ ಪಕ್ಷದಿಂದ ಹೊರಹಾಕಿದರು, ಕಾಂಗ್ರೆಸ್ ಇಬ್ಭಾಗವಾಯಿತು. ಗಾಜಿನ ಮನೆಯಲ್ಲಿ ಗೆದ್ದ ಹಿರಿಯರು ಒಂದು ತಿಂಗಳಲ್ಲಿ ಸೋತಿದ್ದರು.

ಈ ಕಥೆಯ ಬಾಲ ಇನ್ನೂ ಚೆನ್ನಾಗಿದೆ. 1977ರಲ್ಲಿ ಜನತಾ ಪಕ್ಷ ಬಂದಾಗ ಪ್ರಧಾನಿ ಮೊರಾರ್ಜಿಯವರಿಗೆ ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಷ್ಟ್ರಪತಿಯಾಗಲೆಂದು ಮನಸ್ಸಿತ್ತು, ಆಕೆ ಒಲ್ಲೆನೆಂದರು. 37 ಮಂದಿ ನಾಮಪತ್ರ ಹಾಕಿದರು, 36 ತಿರಸ್ಕೃತವಾದವು. ಉಳಿದ ಒಬ್ಬರು ಅವಿರೋಧವಾಗಿ ಆಯ್ಕೆಯಾದರು. ಯಾರು ಹೇಳು? ಅದೇ ಸಂಜೀವ ರೆಡ್ಡಿ. ಎಂಟು ವರ್ಷದ ಹಿಂದೆ ಸೋತವರ ಹೆಸರನ್ನು ಆ ನಡುವೆ ಯಾರಾದರೂ ಊಹಾಪಟ್ಟಿಯಲ್ಲಿ ಇಟ್ಟುಕೊಂಡಿದ್ದರೋ ಇಲ್ಲವೋ.

ಪಕ್ಷ ಹೇಳಿದವರಿಗೇ ಶಾಸಕ ಮತ ಹಾಕುತ್ತಾನೆ ಎಂಬ ಖಾತ್ರಿ ಈಗಲೂ ಇಲ್ಲ ಮಗಳೇ. ಗುಪ್ತ ಮತದಾನ, ವಿಪ್ ಇಲ್ಲ. 2012ರಲ್ಲಿ ಕರ್ನಾಟಕದಲ್ಲಿ ಬಿಜೆಪಿ ಸರ್ಕಾರವಿತ್ತು, ಬಿಜೆಪಿಯ ಬೆಂಬಲ ಪಿ.ಎ. ಸಂಗ್ಮಾಗೆ. ಪೆಟ್ಟಿಗೆ ತೆರೆದಾಗ ನಮ್ಮ ಶಾಸಕರಿಂದ ಪ್ರಣವ್ ಮುಖರ್ಜಿಗೆ 117, ಸಂಗ್ಮಾಗೆ 103. ಅಡ್ಡಮತ ಹಾಕಿದವರು ಯಾರೆಂದು ಬಹಳ ದಿನ ಪಿಸುಪಿಸು ನಡೆಯಿತು. ಇದರ ಹಿಂದಿನ ಜಗಳ ಪಕ್ಷದ ಒಳಗಿನದು, ರಾಷ್ಟ್ರಪತಿ ಭವನಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂಬುದು ನನ್ನ ಅನಿಸಿಕೆ. ಮತಪತ್ರ ಸಂಸದರಿಗೆ ಹಸಿರು, ಶಾಸಕರಿಗೆ ಗುಲಾಬಿ ಬಣ್ಣದ್ದು. ಗುರುತು ಹಾಕಲು ಆಯೋಗವೇ ನೇರಳೆ ಶಾಯಿಯ ಪೆನ್ನು ಕೊಡುತ್ತದೆ, ಸ್ವಂತ ಪೆನ್ನು ಬಳಸಿದರೆ ಮತ ಹೋಯಿತು. 2022ರಲ್ಲಿ ಮತಪೆಟ್ಟಿಗೆಗಳು ದಿಲ್ಲಿಯಿಂದ ರಾಜ್ಯಗಳಿಗೆ ಹೋಗಿಬಂದದ್ದು ವಿಮಾನದಲ್ಲಿ, ಅಧಿಕಾರಿಯ ಪಕ್ಕದ ಸೀಟಿನಲ್ಲಿ, ‘ಮಿಸ್ಟರ್ ಬ್ಯಾಲಟ್ ಬಾಕ್ಸ್’ ಎಂಬ ಹೆಸರಿನ ಟಿಕೆಟ್ಟಿನಲ್ಲಿ. ಇಂಥದ್ದನ್ನು ಹಾಕು, ಜನ ಚಾನೆಲ್ ಬದಲಾಯಿಸುವುದಿಲ್ಲ.

ನಿಮ್ಮ ಮೇಲಿನವರು ಖಂಡಿತ ಕೇಳುತ್ತಾರೆ: ‘ಕನ್ನಡಿಗರ ಹೆಸರು ಒಂದಾದರೂ ಇರಲಿ’. ಅಭಿಮಾನ ಒಳ್ಳೆಯದೇ. ಆದರೆ ಕನ್ನಡಿಗರೊಬ್ಬರು ಇದುವರೆಗೆ ರಾಷ್ಟ್ರಪತಿಯಾಗಿ ಚುನಾಯಿತರಾಗಿಲ್ಲ. 2007ರಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರ ಹೆಸರು ಎಷ್ಟು ಓಡಾಡಿತು! ಬೆಂಗಳೂರಿನ ಮಧ್ಯಮ ವರ್ಗವಂತೂ ಅವರನ್ನು ಪಟ್ಟಕ್ಕೇರಿಸಿಯೇ ಬಿಟ್ಟಿತ್ತು. ಅವರಿಗೆಂದು ಸೂಚಕರಾಗಿ 50, ಅನುಮೋದಕರಾಗಿ 50 ಮತದಾರ ಸದಸ್ಯರನ್ನು ತರುವ ಪಕ್ಷ ಯಾವುದು ಎಂದು ಯಾರೂ ಕೇಳಲಿಲ್ಲ. ಆ 50-50ರ ನಿಯಮ, 15,000 ರೂಪಾಯಿ ಠೇವಣಿ ಬಂದದ್ದೇ ಹೆಸರಿಗಾಗಿ ನಿಲ್ಲುವವರನ್ನು ತಡೆಯಲಿಕ್ಕೆ. 1967ರಲ್ಲಿ 17 ಮಂದಿ ನಿಂತು, ಅವರಲ್ಲಿ 9 ಮಂದಿಗೆ ಒಂದು ಮತವೂ ಬಿದ್ದಿರಲಿಲ್ಲ. ನಿನ್ನ ಪಟ್ಟಿಯ ಪ್ರತಿ ಹೆಸರಿನ ಮುಂದೆಯೂ ‘ಆ ನೂರು ಸಹಿ ಯಾರದು?’ ಅಂತ ಬರೆದುಕೊಂಡು ನೋಡು. ಪಟ್ಟಿ ತಾನಾಗಿ ಸಣ್ಣದಾಗುತ್ತದೆ.

ಆ ಕುರ್ಚಿಗೆ ತೀರಾ ಹತ್ತಿರ ಹೋದ ಕನ್ನಡಿಗರೆಂದರೆ ಜಮಖಂಡಿ ಕಡೆಯ ಬಿ.ಡಿ. ಜತ್ತಿಯವರು. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡ ಮೇಲೆ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿ. ಅವರ ಬಗ್ಗೆ ಮುಂದೆ ಹೇಳುತ್ತೇನೆ.

‘ಮೂಲಗಳ ಪ್ರಕಾರ’ ಎಂದು ಬರುವ ಹೆಸರುಗಳ ವಿಷಯ. ಯಾರೋ ಒಬ್ಬರು ಒಂದು ಹೆಸರನ್ನು ತೇಲಿಬಿಡುತ್ತಾರೆ. ತೇಲಿಸಿದವರಿಗೆ ಅದರಿಂದ ಏನು ಲಾಭ ಎಂದು ಮೊದಲು ಕೇಳು. 2012ರ ಜೂನ್ 13ರಂದು ಮಮತಾ ಬ್ಯಾನರ್ಜಿ ಸೋನಿಯಾರನ್ನು ಕಂಡು ಹೊರಗೆ ಬಂದವರೇ ಕಾಂಗ್ರೆಸ್ಸಿನ ಮನಸ್ಸಿನಲ್ಲಿದ್ದ ಎರಡು ಹೆಸರನ್ನು ಮಾಧ್ಯಮದ ಮುಂದೆ ಬಾಯಿಬಿಟ್ಟರು. ಆಮೇಲೆ ಮುಲಾಯಂ ಸಿಂಗ್ ಜೊತೆ ಕೂತು ತಮ್ಮದೇ ಮೂರು ಹೆಸರು ಹೇಳಿದರು: ಅಬ್ದುಲ್ ಕಲಾಂ, ಸೋಮನಾಥ ಚಟರ್ಜಿ, ಮನಮೋಹನ್ ಸಿಂಗ್. ಹಾಲಿ ಪ್ರಧಾನಿಯನ್ನೇ ರಾಷ್ಟ್ರಪತಿ ಮಾಡೋಣ ಎಂದರೆ ಅದು ಗೌರವವೋ, ಕುರ್ಚಿಯಿಂದ ಎಬ್ಬಿಸುವ ಉಪಾಯವೋ? ಎರಡು ದಿನಕ್ಕೆ ಪ್ರಣವ್ ಹೆಸರು ಅಧಿಕೃತವಾಯಿತು, ಮುಲಾಯಂ ಮಮತಾರ ಕೈಬಿಟ್ಟು ಈ ಕಡೆಗೆ ಬಂದರು, ಕಲಾಂ ಸ್ಪರ್ಧಿಸಲು ಒಲ್ಲೆನೆಂದರು. ಆ ದಿನದ ಟಿವಿಗಳೆಲ್ಲ ಮೂರು ಹೆಸರಿನ ಜಾತಕ ಬಿಡಿಸುತ್ತ ಕೂತಿದ್ದವು. ಬಿಡಿಸಬೇಕಾದದ್ದು ಮುಲಾಯಂ ಜಾತಕ.

ಸೋಲು ಖಚಿತವಿರುವ ಕಡೆಯ ಅಭ್ಯರ್ಥಿಯ ಬಗ್ಗೆಯೂ ಸ್ವಲ್ಪ ಕನಿಕರ ಇರಲಿ. 2022ರಲ್ಲಿ ವಿರೋಧ ಪಕ್ಷಗಳು ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಮೂವರನ್ನೂ ಕೇಳಿದವು; ಮೂವರೂ ಕೈಮುಗಿದರು. ಆ ಬಳಿಕ ಸಿನ್ಹಾ. 2002ರಲ್ಲಿ ಕಲಾಂ ಎದುರು ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ನಿಂತಾಗ ಗೆಲ್ಲುತ್ತೇನೆಂದು ನಿಂತವರಲ್ಲ. ಸೋಲುವುದಕ್ಕೆ ಒಪ್ಪಿ ನಿಲ್ಲುವವರ ಮಾತಿನಲ್ಲಿ ಕೆಲವೊಮ್ಮೆ ಗೆಲ್ಲುವವರಿಗಿಂತ ಹೆಚ್ಚು ಹುರುಳಿರುತ್ತದೆ. ಅವರಿಗೂ ಐದು ನಿಮಿಷ ಕೊಡು.

ಇಷ್ಟೆಲ್ಲ ಕೇಳಿಯೂ ‘ಹೆಸರು ಬೇಕೇ ಬೇಕು’ ಎಂದು ನಿಮ್ಮವರು ಹಟ ಹಿಡಿದರೆ, ದಿಲ್ಲಿಯ ದೊಡ್ಡ ಮುಖಗಳನ್ನು ಬಿಟ್ಟು ರಾಜಭವನಗಳ ಪಟ್ಟಿ ತೆಗೆ. ಪ್ರತಿಭಾ ಪಾಟೀಲ್ ರಾಜಸ್ಥಾನದ, ಕೋವಿಂದ್ ಬಿಹಾರದ ರಾಜಭವನದಿಂದ ಬಂದವರು. ಮುರ್ಮು ಜಾರ್ಖಂಡಿನಲ್ಲಿ ಆರು ವರ್ಷ ರಾಜ್ಯಪಾಲರಾಗಿದ್ದವರು. ಹಿಂದೆ ಉಪರಾಷ್ಟ್ರಪತಿಗಳ ಪಟ್ಟಿ ನೋಡಿದರೆ ಸಾಕಿತ್ತು. ಎಸ್. ರಾಧಾಕೃಷ್ಣನ್ ಅವರಿಂದ ಹಿಡಿದು ಕೆ.ಆರ್. ನಾರಾಯಣನ್ ಅವರವರೆಗೆ ಆರು ಮಂದಿ ಅಲ್ಲಿಂದ ಮೇಲೇರಿದರು. ನಾರಾಯಣನ್ ಆದಮೇಲೆ, 1997ರಿಂದ ಈಚೆಗೆ, ಆ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲ. ಉಪರಾಷ್ಟ್ರಪತಿಯಾಗಿದ್ದ ಶೇಖಾವತ್ ಸ್ಪರ್ಧಿಸಿ ಸೋತರು. ಇದು ಹೀಗೇ ಮುಂದುವರಿಯುತ್ತದೆಂದು ನಾನು ಹೇಳುವುದಿಲ್ಲ. ರೂಢಿ ಮುರಿಯುವುದಕ್ಕೂ ಆರಿಸುವವರಿಗೆ ಒಂದು ಅಗತ್ಯ ಬಂದರೆ ಸಾಕು.

ಇನ್ನೊಂದು, ‘ಈ ಸಲ ಯಾವ ಜಾತಿ, ಈ ಸಲ ದಕ್ಷಿಣದವರಾ’ ಎಂದು ಪ್ಯಾನೆಲಿನವರು ಹೊರಟರೆ ಅಲ್ಲೇ ತಡೆಯಬೇಡ; ಅದು ನಿಜಕ್ಕೂ ಲೆಕ್ಕದ ಒಂದು ಭಾಗ. ಆದರೆ ಅಲ್ಲೇ ನಿಲ್ಲಲೂ ಬಿಡಬೇಡ. ಮುರ್ಮು ಬುಡಕಟ್ಟಿನವರು ಎಂದಷ್ಟೇ ಎಲ್ಲರೂ ಹೇಳಿದರು. ಒಡಿಶಾದ ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿಯಾಗಿದ್ದವರು, ಶಾಲೆಯಲ್ಲಿ ಪಾಠ ಮಾಡಿದವರು, 1997ರಲ್ಲಿ ಪಟ್ಟಣ ಪಂಚಾಯಿತಿಯ ಸದಸ್ಯೆಯಾಗಿ ರಾಜಕೀಯಕ್ಕೆ ಬಂದವರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆದಿವಾಸಿಗಳ ಭೂಮಿಯ ಹಕ್ಕಿಗೆ ಸಂಬಂಧಿಸಿದ ಛೋಟಾನಾಗಪುರ ಮತ್ತು ಸಂತಾಲ ಪರಗಣ ಗೇಣಿ ಕಾಯ್ದೆಗಳ ತಿದ್ದುಪಡಿ ಮಸೂದೆಗಳನ್ನು ಅವರು 2017ರಲ್ಲಿ ಸಹಿ ಹಾಕದೆ ವಾಪಸು ಕಳಿಸಿದ್ದರು. ಕಳಿಸಿದ್ದ ಸರ್ಕಾರ ಅವರದೇ ಪಕ್ಷದ್ದು. ಊಹಾಪಟ್ಟಿಯಲ್ಲಿ ಒಂದು ಹೆಸರಿನ ಪಕ್ಕದಲ್ಲಿ ಬರೆಯಬೇಕಾದ ವಾಕ್ಯ ಅದು.

ಯಾಕೆಂದರೆ ಅಲ್ಲಿ ಕೂತವರ ಕೆಲಸವೇ ಬಂದ ಕಾಗದಕ್ಕೆ ಸಹಿ ಹಾಕುವುದು, ಇಲ್ಲವೇ ಹಾಕುವ ಮುಂಚೆ ಒಂದು ಮಾತು ಕೇಳುವುದು. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿಬಿಟ್ಟರು. ಜತ್ತಿಯವರು 1977ರ ಏಪ್ರಿಲಿನಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಾಗದ ಬಂದಾಗ ಅನುಮಾನಿಸಿ ಒಂದು ದಿನ ತಡೆದು, ಆಮೇಲೆ ಸಹಿ ಹಾಕಿದರು. ಆ ಒಂದು ದಿನದ ತಡಕ್ಕೇ ದಿಲ್ಲಿಯಲ್ಲಿ ಗುಲ್ಲೆದ್ದಿತ್ತು. ಜೈಲ್ ಸಿಂಗ್ ಅಂಚೆ ಮಸೂದೆಯನ್ನು ಹಾಗೇ ಇಟ್ಟುಕೊಂಡು ಕೂತರು. ನಾರಾಯಣನ್ 1997ರಲ್ಲಿ ಉತ್ತರ ಪ್ರದೇಶಕ್ಕೆ ರಾಷ್ಟ್ರಪತಿ ಆಡಳಿತ ಹೇರುವ ಶಿಫಾರಸನ್ನು ಮರುಪರಿಶೀಲಿಸಿ ಎಂದು ಹಿಂದಿರುಗಿಸಿದರು, ಸರ್ಕಾರ ಸುಮ್ಮನಾಯಿತು. ಕಲಾಂ 2006ರಲ್ಲಿ ಲಾಭದಾಯಕ ಹುದ್ದೆಯ ಮಸೂದೆಯನ್ನು ವಾಪಸು ಕಳಿಸಿದರು, ಅದು ಎರಡನೇ ಸಲ ಬಂದಾಗ ಸಹಿ ಹಾಕಿದರು. ಇವರಲ್ಲಿ ಯಾರ ಹೆಸರು ಓಡಾಡುವಾಗಲೂ ‘ಇವರು ಕಾಗದ ಓದುತ್ತಾರೆಯೇ?’ ಎಂದು ಯಾವ ಚರ್ಚೆಯಲ್ಲೂ ಕೇಳಿದ ನೆನಪು ನನಗಿಲ್ಲ. ನಿನ್ನ ಪ್ಯಾನೆಲಿನವರಿಗೆ ಕೇಳು. ಒಬ್ಬೊಬ್ಬರೂ ತಮ್ಮ ಅಭ್ಯರ್ಥಿ ಯಾವತ್ತಾದರೂ ಯಾವ ಕಾಗದಕ್ಕಾದರೂ ಬೇಡ ಎಂದದ್ದಿದ್ದರೆ ಒಂದು ಉದಾಹರಣೆ ಕೊಡಲಿ.

ಸ್ಕ್ರಿಪ್ಟ್ ಆದಮೇಲೆ ನನಗೊಂದು ಪ್ರತಿ ಕಳಿಸು. ಭಾಷೆ ತಿದ್ದುವುದಕ್ಕಲ್ಲ, ಅದು ನಿನಗೆ ಚೆನ್ನಾಗಿಯೇ ಬರುತ್ತದೆ. ಮತಮೌಲ್ಯದ ಗ್ರಾಫಿಕ್ಸನ್ನು ಒಂದು ಸಲ ಗುಣಿಸಿ ನೋಡುತ್ತೇನೆ. ಸೊನ್ನೆ ಜಾರುವುದು ಅಲ್ಲೇ ಜಾಸ್ತಿ.

ನಿನ್ನ
ದೊಡ್ಡಪ್ಪ